ಎರಡನೆಯ ಅಕ್ಷರಕ್ಕೆ ಕಿವಿಗೊಡಿ

ಇಳಕಲ್ಲಿನ ನಮ್ಮ ಮನೆಗೆ ಕಥೆ, ಕವಿತೆ ತೋರಿಸಲು ಬರುವ ಹುಡುಗರು ಪ್ರಾಸವೆಂದರೆ ಮೊದಲಕ್ಷರಗಳ ಮೆರವಣಿಗೆ ಎಂದುಕೊಂಡಿರುತ್ತಾರೆ. ‘ಕಪ್ಪು ಕಾಗೆ ಕೊಂಬೆಯಲ್ಲಿ ಕುಳಿತು ಕೂಗಿತು’ ಎಂದು ಬರೆದು ತರುತ್ತಾರೆ. ಅವರಿಗೆ ನಾನು ಬಾದಾಮಿಗೆ ಹೋಗಿ ಬರಲು ಹೇಳುತ್ತೇನೆ. ಸುಮಾರು ಕ್ರಿ.ಶ. 700ರಲ್ಲಿ ಅಲ್ಲಿನ ಬಂಡೆಯ ಮೇಲೆ ಕೆತ್ತಿದ ಕಪ್ಪೆ ಅರಭಟ್ಟನೆಂಬ ವೀರನ ಶಾಸನದಲ್ಲಿ ಒಂದು ತ್ರಿಪದಿಯ, ಅಂದರೆ ಮೂರು ಸಾಲಿನ ಪದ್ಯದ, ಸಾಲುಗಳು ‘ಸಾಧುಗೆ’, ‘ಬಾಧಿಪ್ಪ’, ‘ಮಾಧವನೀತನ್’ ಎಂದು ಆರಂಭವಾಗುತ್ತವೆ. ಮೊದಲಕ್ಷರ ಮೂರೂ ಬೇರೆ, ಎರಡನೆಯದರ ವ್ಯಂಜನ ಮಾತ್ರ ಮೂರರಲ್ಲೂ ‘ಧ’. ಅದರ ಹಿಂದೆ ದೀರ್ಘ ಸ್ವರ ಬಂದಿರುವುದರಿಂದ ಇದು ಗಜಪ್ರಾಸ. ಕನ್ನಡದ ಕಿವಿ ಪಳಗಿದ್ದು ಈ ಎರಡನೆಯ ಅಕ್ಷರದಲ್ಲಿ. ಗದ್ಯ ಬರೆಯುವವರಿಗೂ ಇದೇ ಬಂಡವಾಳ.

ಮೊದಲು ವಾಕ್ಯವನ್ನು ಸರಳವಾಗಿ ಬರೆಯಿರಿ: ‘ಅವ್ವ ನಸುಕಿನಲ್ಲಿ ರೊಟ್ಟಿ ಮಾಡಿದಳು.’ ಇದರಲ್ಲಿ ಭಾರ ಹೊತ್ತ ಪದ ಯಾವುದು? ರೊಟ್ಟಿ. ಅದರ ಎರಡನೆಯ ಅಕ್ಷರ ‘ಟ್ಟಿ’. ಈಗ ಅದೇ ಅಡುಗೆಮನೆಯಲ್ಲಿ ಅದರ ಬಳಗವನ್ನು ಹುಡುಕಿ, ನಿಘಂಟು ಬೇಡ. ಹಿಟ್ಟು, ತಟ್ಟು, ಬುಟ್ಟಿ, ಸುಟ್ಟು ತಾವಾಗಿಯೇ ಬರುತ್ತವೆ. ‘ಅವ್ವ ಹಿಟ್ಟು ತಟ್ಟಿ ತಟ್ಟಿ ಬುಟ್ಟಿ ತುಂಬ ರೊಟ್ಟಿ ಸುಟ್ಟಿಟ್ಟಳು.’ ಅಂಗೈಯಿಂದ ಹಿಟ್ಟಿಗೆ ಬೀಳುವ ಪೆಟ್ಟು ಆ ಒತ್ತಕ್ಷರದಲ್ಲೇ ಕೇಳುತ್ತದೆ. ಸದ್ದು ವಸ್ತುವಿನೊಳಗಿಂದ ಬರಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ. ಕಾಗೆಯ ವಾಕ್ಯದಲ್ಲಿ ‘ಕ’ ಕೇಳುತ್ತದೆ, ಕಾಗೆ ಕಾಣುವುದಿಲ್ಲ.

ಮುಂದಿನ ವಾಕ್ಯದಲ್ಲಿ ಆ ಸದ್ದನ್ನು ಪೂರ್ತಿ ಬಿಟ್ಟುಬಿಡಿ: ‘ಒಲೆ ಆರಿತು. ಓಣಿಯಲ್ಲಿ ಯಾರೂ ಇರಲಿಲ್ಲ.’ ರ, ಲ, ಣಗಳ ಮೆದುವಿನಲ್ಲಿ ಮೌನ ತಾನಾಗಿ ಹರಡುತ್ತದೆ.

ಜುಳುಜುಳು, ಧಗಧಗದಂಥ ಅನುಕರಣ ಪದಗಳನ್ನು ನಾನು ಅಪರೂಪಕ್ಕೆ ಬಳಸುತ್ತೇನೆ, ಸವೆದು ಹೋಗಿವೆ. ನಾನು ನೇಕಾರರ ಮಗಳು, ಮಗ್ಗದ ಸದ್ದಿನಲ್ಲೇ ಬೆಳೆದವಳು. ಆ ಸದ್ದನ್ನು ‘ಲಟಪಟ’ ಎಂದು ಬರೆದಾಗಲೆಲ್ಲ ಅದು ನಮ್ಮ ಮನೆಯ ಮಗ್ಗ ಅನ್ನಿಸಲೇ ಇಲ್ಲ. ಕೊನೆಗೆ ಹೀಗೆ ಬರೆದೆ: ‘ಲಾಳಿ ಆಚೆ, ಲಾಳಿ ಈಚೆ, ಸೆರಗಿಗೆ ಇನ್ನೊಂದು ಎಳೆ.’ ಸದ್ದಿನ ಪದ ಒಂದೂ ಇಲ್ಲ, ಆದರೆ ಮಗ್ಗದ ನಡೆ ಬಂದಿದೆ. ಪದದ ಮರುಕಳಿಕೆ ಅಷ್ಟು ಕೆಲಸ ಮಾಡುತ್ತದೆ.

ಬರೆದದ್ದನ್ನು ನೀವೇ ಓದಿಕೊಳ್ಳಬೇಡಿ, ಬೇರೆಯವರಿಂದ ಗಟ್ಟಿಯಾಗಿ ಓದಿಸಿ. ನಾನು ಅಕ್ಕನ ಮಗಳಿಂದ ಓದಿಸುತ್ತೇನೆ. ರೊಟ್ಟಿಯ ಸಾಲಿನಲ್ಲಿ ಅವಳು ‘ಸುಟ್ಟಿಟ್ಟಳು’ ಎಂಬಲ್ಲಿ ಎರಡು ಸಲ ತಡವರಿಸಿದಳು. ‘ಸುಟ್ಟಳು’ ಎಂದಷ್ಟೇ ಉಳಿಸಿದೆ.