ಬಾಳೆಪಟ್ಟೆಯ ಕಾಗದ ಮುರಿಯುತ್ತಿದ್ದುದಕ್ಕೆ ಕಂಡುಕೊಂಡ ಪರಿಹಾರ

ಗೊನೆ ಕಡಿದ ಮೇಲೆ ತೋಟದಲ್ಲಿ ಕೊಳೆಯುವ ಬಾಳೆಪಟ್ಟೆಯಿಂದ ಕಾಗದ ಮಾಡಲು ಹೊರಟ ನನಗೆ ಮೊದಲ ಮೂರು ಸಲವೂ ಸಿಕ್ಕಿದ್ದು ಹಪ್ಪಳದಂತೆ ಸುರುಟಿಕೊಂಡು, ಮಡಿಸಿದರೆ ಪಟ್ಟನೆ ಮುರಿಯುವ ಕಂದು ಹಾಳೆಗಳು. ಬೇಯಿಸಿದ್ದು ಸಾಲದೆಂದು ಭಾವಿಸಿ, ಬೇಯಿಸುವ ನೀರಿಗೆ ಹಾಕುವ ವಾಷಿಂಗ್ ಸೋಡಾ ಹೆಚ್ಚಿಸಿದೆ. ಹಾಳೆ ಇನ್ನಷ್ಟು ಹದಗೆಟ್ಟಿತು.

ಕೊನೆಗೆ ಒಂದು ಹಸಿ ಪಟ್ಟೆಯನ್ನು ಸೀಳಿ ಬೆಳಕಿಗೆ ಹಿಡಿದಾಗ ಕಾರಣ ಕಂಡಿತು. ಉದ್ದನೆಯ ನಾರುಗಳ ನಡುವೆ ಜೇನುಗೂಡಿನಂತಹ ಮೆತ್ತನೆಯ ತಿರುಳು ತುಂಬಿಕೊಂಡಿತ್ತು. ಬೆಂದ ಮೇಲೆ ಈ ತಿರುಳು ಲೋಳೆಯಾಗಿ, ಹಾಳೆ ಎತ್ತುವ ಜಾಲರಿಯ ಕಣ್ಣುಗಳನ್ನು ಮುಚ್ಚಿ ನೀರು ಬಸಿಯದಂತೆ ತಡೆಯುತ್ತದೆ. ಒಣಗುವಾಗ ನಾರಿಗಿಂತ ಹೆಚ್ಚು ಕುಗ್ಗಿ ಹಾಳೆಯನ್ನು ಬಿರುಸಾಗಿಸುತ್ತದೆ.

ನಾಲ್ಕನೆಯ ಸಲ ಪಟ್ಟೆಯನ್ನು ಹಲಗೆಯ ಮೇಲೆ ಹರಡಿ, ಚಾಕುವಿನ ಮೊಂಡು ಬೆನ್ನಿನಿಂದ ತಿರುಳೆಲ್ಲ ಹೋಗುವವರೆಗೆ ಹೆರೆದೆ. ಬೇಸರದ ಕೆಲಸವೇ ಸರಿ, ಏಕೆಂದರೆ ಪಟ್ಟೆಯಲ್ಲಿ ಶೇ. 90ಕ್ಕೂ ಹೆಚ್ಚು ನೀರೇ ಇದ್ದು, ತಿರುಳೂ ಹೋಗುವುದರಿಂದ 10 ಕಿಲೋ ಹೆರೆದರೂ ನನಗೆ ಉಳಿದ ಒಣನಾರು ಸುಮಾರು 100 ಗ್ರಾಂ ಮಾತ್ರ. ಅದನ್ನು ಒಂದಂಗುಲದ ತುಂಡು ಮಾಡಿ, 20 ಗ್ರಾಂ ವಾಷಿಂಗ್ ಸೋಡಾ ಕರಗಿಸಿದ ನೀರಿನಲ್ಲಿ 3 ಗಂಟೆ ಬೇಯಿಸಿದೆ. ಪಾತ್ರೆ ಸ್ಟೀಲಿನದೇ ಆಗಿರಬೇಕು. ಅಲ್ಯೂಮಿನಿಯಂ ಆದರೆ ಸೋಡಾ ಅದನ್ನೇ ತಿನ್ನುತ್ತದೆ. ಬೆರಳಿಗೆ ಜಾರುವ ಗುಣ ಹೋಗುವವರೆಗೆ ತೊಳೆದು, ಮಿಕ್ಸಿಗೆ ಹಾಕದೆ ಒರಳಿನಲ್ಲಿ ಕುಟ್ಟಿದೆ. ಮಿಕ್ಸಿಯ ಅಲಗು ನಾರನ್ನು ಕತ್ತರಿಸಿ ಗಿಡ್ಡವಾಗಿಸಿದರೆ, ಒನಕೆಯ ಪೆಟ್ಟು ಅದನ್ನು ಎಳೆ ಎಳೆಯಾಗಿ ಬಿಡಿಸುತ್ತದೆ.

ಕುಟ್ಟಿದ ನಾರನ್ನು ನೀರಿನಲ್ಲಿ ಕದಡಿ ಜಾಲರಿಯಲ್ಲಿ ಎತ್ತಿದಾಗ ಈ ಸಲ ನೀರು ಕೂಡಲೇ ಬಸಿಯಿತು. ಹಾಳೆಯನ್ನು ಹತ್ತಿಬಟ್ಟೆಗಳ ನಡುವೆ ಕಲ್ಲುಹೇರಿ ಒತ್ತಿ, ನೆರಳಿನಲ್ಲಿ ಒಣಗಿಸಿದೆ. ಮಡಿಸಿ ಬಿಡಿಸಿದರೂ ಗೆರೆ ಮೂಡಿತೇ ಹೊರತು ಮುರಿಯಲಿಲ್ಲ.