ಹತ್ತಿರ ಇದ್ದರೆ ಸಾಲದು, ಅಗಲವೂ ಬೇಕು

ನಾನು ವೀಲ್‌ಚೇರ್ ಬಳಸುತ್ತೇನೆ. ಬ್ರೇಕ್, ಆಕ್ಸಿಲರೇಟರ್ ಎರಡನ್ನೂ ಕೈಯಲ್ಲೇ ಒತ್ತುವ ಹಾಗೆ ಮಾಡಿಸಿದ ಕಾರಿದೆ, ನಾನೇ ಓಡಿಸುತ್ತೇನೆ. ಆಫೀಸಿನಲ್ಲಿ ಪಾರ್ಕಿಂಗ್ ಕೇಳಿದಾಗ ಯಾರೂ ಇಲ್ಲ ಅನ್ನಲಿಲ್ಲ. ಬಾಗಿಲ ಪಕ್ಕದಲ್ಲೇ ಜಾಗ ತೋರಿಸಿದರು. ಹತ್ತಿರವೇನೋ ಹೌದು, ಆದರೆ ಒಂದು ಕಡೆ ಕಂಬ, ಇನ್ನೊಂದು ಕಡೆ ಬೇರೆಯವರ ಕಾರು.

ನಾನು ಇಳಿಯಬೇಕಾದರೆ ಬಾಗಿಲು ಪೂರ್ತಿ ತೆರೆಯಬೇಕು. ಪಕ್ಕದ ಸೀಟಿನಲ್ಲಿರುವ ಕುರ್ಚಿಯ ಫ್ರೇಮನ್ನು ಎದೆಯ ಮೇಲಿಂದ ದಾಟಿಸಿ ಹೊರಗಿಡಬೇಕು. ಚಕ್ರ ಸಿಕ್ಕಿಸಬೇಕು. ಆಮೇಲೆ ಕೈಯೂರಿ ಅದರ ಮೇಲೆ ಜರುಗಬೇಕು. ನೆಲ ಸ್ವಲ್ಪ ಇಳಿಜಾರಾಗಿದ್ದರೂ ಕುರ್ಚಿ ಜಾರುತ್ತದೆ. ಮಾಮೂಲಿ ಎರಡೂವರೆ ಮೀಟರ್ ಅಗಲದಲ್ಲಿ ಇದು ಆಗುವ ಕೆಲಸವಲ್ಲ. ಹಲವು ಕಡೆ ಕಟ್ಟಡ ನಿಯಮಗಳು ಅಂಗವಿಕಲರ ಪಾರ್ಕಿಂಗ್ ಜಾಗಕ್ಕೆ 3.6 ಮೀಟರ್ ಅಗಲ ಕೇಳುವುದು ಸುಮ್ನೆ ಅಲ್ಲ.

ಹಾಗಾಗಿ ಎಚ್‌ಆರ್‌ಗೆ ಬರೆದ ಪತ್ರದಲ್ಲಿ ಕಾಯಿಲೆಯ ಕಥೆ ಹಾಕಲಿಲ್ಲ. ಇಳಿಯುವ ಕ್ರಮ ಬರೆದೆ, ಬೇಕಾದ ಅಳತೆ ಬರೆದೆ, ಬಾಗಿಲು ತೆರೆದ ಕಾರಿನ ಫೋಟೋ ಇಟ್ಟೆ. ವೈದ್ಯರ ಚೀಟಿಯಲ್ಲೂ ನನ್ನಿಂದ ಯಾವ್ಯಾವುದು ಆಗುವುದಿಲ್ಲ ಅನ್ನುವಷ್ಟೇ ಇತ್ತು. ಅದಕ್ಕಿಂತ ಜಾಸ್ತಿ ಅವರಿಗೆ ಯಾಕೆ ಬೇಕು? ಇದು ದಯೆಯ ವಿಷಯವೂ ಅಲ್ಲ. ವಿಶ್ವಸಂಸ್ಥೆಯ 2006ರ ಅಂಗವಿಕಲರ ಹಕ್ಕುಗಳ ಒಡಂಬಡಿಕೆ ಪ್ರಕಾರ, ಸಮಂಜಸವಾದ ಅನುಕೂಲ ಕೊಡದಿರುವುದೂ ತಾರತಮ್ಯವೇ.

ಫೋಟೋ ಕೆಲಸ ಮಾಡಿತು. ನನಗೆ ಬೇರೆ ಜಾಗ ಕೊಟ್ಟು, ಅದರ ಪಕ್ಕದ ಜಾಗದ ಒಂದು ಭಾಗಕ್ಕೆ ಯಾರೂ ಗಾಡಿ ನಿಲ್ಲಿಸದ ಹಾಗೆ ಹಳದಿ ಪಟ್ಟೆ ಬಳಿದರು. ಅಲ್ಲಿಂದ ಬಾಗಿಲವರೆಗೆ ಮೆಟ್ಟಿಲು ಅಡ್ಡ ಬರದ ದಾರಿಯನ್ನೂ ಕೇಳಿ ಮಾಡಿಸಿಕೊಂಡೆ.

ಕಂಬದ ಪಕ್ಕದ ಆ ಜಾಗ ಈಗ ಸಂಧಿವಾತವಿರುವ ಸಹೋದ್ಯೋಗಿಯೊಬ್ಬರದು. ಅವರಿಗೆ ಅಗಲ ಬೇಡ, ನಡಿಗೆ ಕಡಿಮೆಯಾದರೆ ಸಾಕು. ನೋಡಿದರೆ ಗೊತ್ತಾಗದ ತೊಂದರೆ ಅಲ್ವಾ, "ಚೆನ್ನಾಗೇ ನಡೀತೀರಲ್ಲ" ಅಂತ ಕೆಲವರು ಕೇಳಿದ್ದೂ ಉಂಟು. ಹಾಗಾಗಿ ಪಾರ್ಕಿಂಗ್ ಪಾಸಿನಲ್ಲಿ ಕಾರಣ ಬರೆಯುವುದಿಲ್ಲ, ಗಾಡಿ ನಂಬರ್ ಮಾತ್ರ.

ಈಗ ಉಳಿದಿರುವ ತಲೆನೋವು ಬೈಕ್‌ಗಳು. ಹಳದಿ ಪಟ್ಟೆ ಖಾಲಿ ಕಂಡರೆ ಸಾಕು, "ಎರಡೇ ನಿಮಿಷ" ಅಂತ ನಿಲ್ಲಿಸಿಬಿಡುತ್ತಾರೆ. ನಾನು ಸಂಜೆ ಹೊರಟಾಗ ಕಾರಿನೊಳಗೆ ಹೋಗಲು ದಾರಿಯೇ ಇರುವುದಿಲ್ಲ. ಸೆಕ್ಯುರಿಟಿಯವರು ದೊಡ್ಡ ಹುದ್ದೆಯವರಿಗೆ ಬೇಡ ಅನ್ನಲು ಹೆದರುತ್ತಿದ್ದರು. ಯಾರ ಗಾಡಿಯಾದರೂ ತೆಗೆಸಬಹುದು ಅಂತ ಆಡಳಿತದಿಂದ ಅವರ ಹೆಸರಿಗೇ ಬರಹದಲ್ಲಿ ಆದೇಶ ಕೊಡಿಸಿದ ಮೇಲೆ ಪರವಾಗಿಲ್ಲ. ಗೇಟಿನ ಫೋನ್ ನಂಬರ್ ನನ್ನ ಮೊಬೈಲ್‌ನಲ್ಲಿದೆ. ಹೊರಡುವ ಮುಂಚೆ ಒಮ್ಮೆ ಕರೆ ಮಾಡುತ್ತೇನೆ.