ಮಲ್ಪೆ ಬಂದರಿನಲ್ಲಿ ಎರಡು ನಿಮಿಷ: ಸಿನಿಮಾ ಓಪನಿಂಗ್‌ಗೆ ನಾವು ಪ್ಲ್ಯಾನ್ ಮಾಡಿದ್ದು ಹೀಗೆ

ಮೀಡಿಯಾ ಕೋರ್ಸಿನಲ್ಲಿ ನಮಗೆ ಕೊಟ್ಟ ಕೆಲಸ ಇಷ್ಟು: ಒಂದು ಥ್ರಿಲ್ಲರ್ ಸಿನಿಮಾದ ಮೊದಲ ಎರಡು ನಿಮಿಷ ಮಾಡಬೇಕು, ಟೈಟಲ್ ಸಮೇತ. ಇಡೀ ಸಿನಿಮಾ ಬೇಡ. ಇಂಥ ಕೆಲಸ ಸಿಕ್ಕಿದಾಗ ಕಥೆಯನ್ನೆಲ್ಲ ಆ ಎರಡು ನಿಮಿಷಕ್ಕೆ ತುರುಕುವ ಆಸೆ ಬರುತ್ತದೆ. ನನ್ನ ಪ್ರಕಾರ ಓಪನಿಂಗ್‌ನಲ್ಲಿ ಕಥೆ ಮುಗಿಯಲೇಬಾರದು. ನೋಡುವವರ ತಲೆಯಲ್ಲಿ ಒಂದು ಪ್ರಶ್ನೆ ಹುಟ್ಟಿದರೆ ಸಾಕು.

ನಮ್ಮ ಪ್ರಶ್ನೆ ಹೀಗಿತ್ತು. ಬೆಳಗಿನ ಜಾವ, ಮಲ್ಪೆ ಬಂದರಿನಲ್ಲಿ ಮೀನಿನ ಹರಾಜು. ಐಸ್ ತುಂಬಿದ ಒಂದು ಬಾಕ್ಸಿನೊಳಗೆ, ಬಂಗುಡೆಗಳ ಅಡಿಯಲ್ಲಿ, ಮೊಬೈಲ್ ರಿಂಗ್ ಆಗುತ್ತದೆ. ಯಾರದ್ದು?

ಶಾಟ್ ಲಿಸ್ಟ್ ಬರೆಯುವ ಮೊದಲು ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆದೆ. ಒಂದರಲ್ಲಿ ಸಮಯ, ಇನ್ನೊಂದರಲ್ಲಿ ಕಾಣುವುದು ಮತ್ತು ಕೇಳುವುದು, ಮೂರನೆಯದರಲ್ಲಿ "ನೋಡುವವರಿಗೆ ಈಗ ಏನು ಗೊತ್ತು". ಈ ಮೂರನೇ ಕಾಲಮ್ಮೇ ನಮ್ಮನ್ನು ಕಾಪಾಡಿದ್ದು. ಮೊದಲ 20 ಸೆಕೆಂಡ್ ಪರದೆ ಕಪ್ಪು, ಬೋಟಿನ ಎಂಜಿನ್ ಸದ್ದು, ಸಲಿಕೆಯಲ್ಲಿ ಐಸ್ ಎಳೆಯುವ ಸದ್ದು. ಗೊತ್ತಾಗಿದ್ದು: ಇದು ಬಂದರು. ಆಮೇಲೆ ಹರಾಜಿನ ಗದ್ದಲ, ಸಾಲಾಗಿ ಬಾಕ್ಸುಗಳು. ಗೊತ್ತಾಗಿದ್ದು: ದಿನದ ಮಾಮೂಲಿ ವ್ಯಾಪಾರ. ಫೋನ್ ಕಳೆದುಕೊಂಡವನ ಫ್ಲ್ಯಾಶ್‌ಬ್ಯಾಕ್ ಒಂದನ್ನು ಗೆಳೆಯರು ಸೂಚಿಸಿದ್ದರು. ಅದನ್ನು ಮೂರನೇ ಕಾಲಮ್ಮಿನಲ್ಲಿ ಬರೆದು ನೋಡಿದೆವು. ಉತ್ತರ ಅಲ್ಲೇ ಸಿಕ್ಕಿಬಿಡುತ್ತಿತ್ತು. ಅಲ್ಲಿಗೆ ಅದನ್ನು ಬಿಟ್ಟೆವು.

ತಾರೀಖು ಹಾಕುವಾಗ ಮೊದಲು ನೋಡಿದ್ದು ಮೀನುಗಾರಿಕೆ ನಿಷೇಧವನ್ನು. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಆಗ ಬಂದರಿಗೆ ಹೋದರೆ ಕಟ್ಟಿ ನಿಲ್ಲಿಸಿದ ಬೋಟುಗಳು ಸಿಗುತ್ತವೆ, ನಮಗೆ ಬೇಕಾದ ಗದ್ದಲ ಸಿಗುವುದಿಲ್ಲ. ಹಾಗಾಗಿ ಮಳೆಗಾಲ ಕಳೆದ ಮೇಲಿನ ಶೂಟಿಂಗ್ ಅಂತ ಗಟ್ಟಿ ಮಾಡಿಕೊಂಡೆವು.

ಬಂದರಿನಲ್ಲಿ ಯಾವುದನ್ನು ತೆಗೆಯಲೇಬೇಕು, ಯಾವುದನ್ನು ಮನೆಯಲ್ಲೇ ತೆಗೆಯಬಹುದು ಅಂತ ಬೇರೆ ಮಾಡಿದ್ದು ತುಂಬಾ ಉಪಯೋಗಕ್ಕೆ ಬಂತು. ಹರಾಜು ನಡೆಯುವಾಗ ಕ್ಯಾಮೆರಾ ಹಿಡಿದು "ಅಕ್ಕ, ಇನ್ನೊಂದು ಸಲ" ಅಂತ ಕೇಳಲು ಆಗುತ್ತದಾ? ಅದು ಅವರ ಹೊಟ್ಟೆಪಾಡು. ಜಾಗ ನೋಡಲು ಹೋಗಿದ್ದಾಗಲೇ ಒಬ್ಬ ಹಿರಿಯ ಹೆಂಗಸು ಹೇಳಿದ್ದರು: "ಶೂಟಿಂಗ್ ಎಲ್ಲ ಮಾಡಿ ಮಾರಾಯ್ತಿ, ದಾರಿಗೆ ಮಾತ್ರ ಅಡ್ಡ ನಿಲ್ಬೇಡಿ. ಬಿಸಿಲು ಬಂದ್ರೆ ಮೀನು ಕಾಯ್ತದಾ?" ಆ ಮಾತನ್ನು ಪ್ಲ್ಯಾನಿನ ಮೊದಲ ಪುಟದಲ್ಲೇ ಬರೆದಿಟ್ಟೆ. ಕಾಲೇಜಿನ ಪತ್ರ ಕೊಟ್ಟು ಬಂದರಿನಲ್ಲಿ ಅನುಮತಿ ಕೇಳಿದ್ದೂ ಆಯಿತು. ಅಲ್ಲಿ ದೂರದ ಶಾಟುಗಳು ಮತ್ತು ಸದ್ದು ಮಾತ್ರ. ಮುಖ ಕಾಣುವವರನ್ನು ಮೊದಲೇ ಕೇಳಿಕೊಳ್ಳುವುದು.

ಬಾಕ್ಸಿನ ಕ್ಲೋಸಪ್ ಎಲ್ಲ ಮನೆಯ ಹಿಂದಿನ ಜಗಲಿಯಲ್ಲಿ. ಐಸ್ ಪ್ಲಾಂಟಿನಿಂದ ಪುಡಿ ಐಸ್, ಮಾರ್ಕೆಟಿನಿಂದ ಬಂಗುಡೆ, ಒಂದು ಹಳೇ ಮೊಬೈಲ್. ಮೊಬೈಲನ್ನು ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಪರದೆ ಮೇಲೆ ಮಾಡಿ ಇಟ್ಟೆವು, ಮೇಲೆ ಎರಡು ಬೆರಳು ದಪ್ಪ ಐಸ್. ಪರದೆ ಹೊತ್ತಿಕೊಂಡಾಗ ಐಸಿನ ಒಳಗಿಂದ ನೀಲಿ ಬೆಳಕು ಹಬ್ಬಿತು, ಮೀನಿನ ಬೆನ್ನಿನ ಪಟ್ಟೆಗಳು ಒಂದೊಂದೇ ಕಂಡವು. ಐಸ್ ಜಾಸ್ತಿಯಾದರೆ ಬೆಳಕು ಸಾಯುತ್ತದೆ, ಕಡಿಮೆಯಾದರೆ ಮೊಬೈಲೇ ಕಾಣುತ್ತದೆ. ರಿಂಗ್‌ಟೋನ್ ಬೇಡ, ವೈಬ್ರೇಶನ್ ಸಾಕು ಅಂತ ತೀರ್ಮಾನವಾದದ್ದೂ ಅಲ್ಲೇ. ಪ್ಲಾಸ್ಟಿಕ್ ಬಾಕ್ಸಿಗೆ ತಾಗಿ ಬರುವ ಆ ಗರ್ರ್ ಸದ್ದು ಯಾವ ಹಾಡಿಗಿಂತಲೂ ಭಯ ಹುಟ್ಟಿಸುತ್ತದೆ.

ಎರಡು ಕಡೆಯ ಶಾಟ್ ಜೋಡಿಸಬೇಕಾದರೆ ಬೆಳಕು ಒಂದೇ ದಿಕ್ಕಿನಿಂದ ಬರಬೇಕು. ಬಂದರಿನಲ್ಲಿ ಬೆಳಕು ಬಾಕ್ಸಿನ ಎಡದಿಂದ ಬೀಳುತ್ತಿತ್ತು, ಜಗಲಿಯಲ್ಲೂ ಲೈಟ್ ಎಡಕ್ಕೇ ಇಟ್ಟೆವು. ಇನ್ನೊಂದು ವಿಷಯ: ನಮ್ಮ ಕರೆಂಟ್ 50 ಹರ್ಟ್ಸ್. ಮೊಬೈಲ್ ಕ್ಯಾಮೆರಾದ ಶಟರನ್ನು, ಅಂದರೆ ಪ್ರತಿ ಫ್ರೇಮಿಗೆ ಬೆಳಕು ತೆಗೆದುಕೊಳ್ಳುವ ಹೊತ್ತನ್ನು, ಆಟೋದಲ್ಲಿ ಬಿಟ್ಟರೆ ಟ್ಯೂಬ್‌ಲೈಟಿನ ಕೆಳಗೆ ಪಟ್ಟೆ ಪಟ್ಟೆಯಾಗಿ ಮಿನುಗಬಹುದು. ಮ್ಯಾನ್ಯುವಲ್ ಆ್ಯಪ್‌ನಲ್ಲಿ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್ ಅಂತ ಗಟ್ಟಿ ಮಾಡಿ ಎಲ್ಲರೂ ಬರೆದುಕೊಂಡೆವು. ಸದ್ದು ಬೆಳಗ್ಗೆಯೇ ಹಿಡಿಯಬೇಕು. ಹೊತ್ತೇರಿದ ಹಾಗೆ ಕಡಲ ಗಾಳಿ ಬೀಸಿ ಮೈಕಿನಲ್ಲಿ ಬರೀ ಗಾಳಿಯೇ ತುಂಬಿಕೊಳ್ಳುತ್ತದೆ.

ಶೂಟಿಂಗ್‌ಗೆ ಮುಂಚೆ ಅನಿಮ್ಯಾಟಿಕ್ ಮಾಡಿದೆವು, ಅಂದರೆ ಚಿತ್ರಗಳನ್ನು ಸಾಲಾಗಿ ಜೋಡಿಸಿ, ಸದ್ದು ಹಾಕಿದ ಕಚ್ಚಾ ವಿಡಿಯೊ. ಚಿತ್ರ ಬಿಡಿಸಲು ನಮ್ಮಲ್ಲಿ ಯಾರಿಗೂ ಅಷ್ಟು ಒಲವಿಲ್ಲ, ಅದಕ್ಕೆ ಪ್ರತಿ ಶಾಟಿಗೂ ಮೊಬೈಲಿನಲ್ಲಿ ಒಂದೊಂದು ಫೋಟೊ. ಅವನ್ನು ಟೈಮ್‌ಲೈನಿನಲ್ಲಿ ಲೆಕ್ಕದ ಸಮಯಕ್ಕೆ ಜೋಡಿಸಿ, ಬಂದರಿನ ಸದ್ದನ್ನು ಕೆಳಗೆ ಹಾಕಿದೆ. ಹಾಸ್ಟೆಲಿನ ಗೆಳತಿಯರಿಗೆ ಏನೂ ವಿವರಿಸದೆ ತೋರಿಸಿ, "ಈಗ ಏನು ತಿಳ್ಕೊಳ್ಬೇಕು ಅನ್ನಿಸ್ತದೆ?" ಅಂತ ಕೇಳಿದೆ. "ಫೋನ್ ಯಾರದ್ದು?" ಅಂದರೆ ಪ್ಲ್ಯಾನ್ ಸರಿ ಇದೆ. ಒಬ್ಬಳು ಅದರ ಜೊತೆಗೆ "ಕರೆ ಮಾಡ್ತಾ ಇರೋದು ಯಾರು?" ಅಂತಲೂ ಕೇಳಿದಳು. ಅದು ನಮ್ಮದಕ್ಕಿಂತ ಒಳ್ಳೆಯ ಪ್ರಶ್ನೆ! ಫೋನಿನ ಪರದೆಯ ಮೇಲೆ ಕರೆ ಮಾಡುವವರ ಹೆಸರು ಅರ್ಧ ಮಾತ್ರ ಕಾಣುವ ಹಾಗೆ ಒಂದು ಶಾಟ್ ಸೇರಿಸಿದೆವು.

ಟೈಟಲ್ ಕನ್ನಡದಲ್ಲೇ ಇರಬೇಕು ಅಂತ ನನ್ನ ಹಟ. ನಾವು ಎಡಿಟ್ ಮಾಡುವ ಸಾಫ್ಟ್‌ವೇರ್ ಪ್ರೀಮಿಯರ್ ಪ್ರೊದಲ್ಲಿ ಒತ್ತಕ್ಷರ ಒಡೆದು ಬಂದರೆ ಪ್ರಿಫರೆನ್ಸ್‌ನ ಗ್ರಾಫಿಕ್ಸ್ ಭಾಗದಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು 'ಸೌತ್ ಏಷ್ಯನ್ ಆ್ಯಂಡ್ ಮಿಡಲ್ ಈಸ್ಟರ್ನ್'ಗೆ ಬದಲಿಸಬೇಕು. 'ನಿರ್ದೇಶನ', 'ಛಾಯಾಗ್ರಹಣ' ಎರಡನ್ನೂ ಮೊದಲೇ ಟೈಪ್ ಮಾಡಿ ನೋಡಿ, ಅರ್ಕಾವತ್ತು, ಒತ್ತು ಎರಡೂ ಸರಿ ಬಂದರೆ ಉಳಿದದ್ದು ಬರುತ್ತದೆ. ಪ್ರತಿ ಹೆಸರನ್ನೂ ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಪರದೆಯಲ್ಲಿ ಇಟ್ಟೆವು. ಫೋನ್ ರಿಂಗ್ ಆಗುವ ಹೊತ್ತಿಗೆ ಮಾತ್ರ ಯಾವ ಹೆಸರೂ ಇಲ್ಲ. ಆ ಹೊತ್ತಿನಲ್ಲಿ ಓದುವ ಕೆಲಸ ಯಾರಿಗೂ ಕೊಡಬಾರದು.